ಯಾವ ಹಂಚು, ಅಜ್ಜಿ?

ಆ ವರ್ಷ ನಮ್ಮ ಸಭೆಯ ಜನರಲ್ ಬಾಡಿಯ ಮುಂದೆ ಎರಡೇ ವಿಷಯ. ಒಂದು ದೇವಾಲಯದ ಮಾಡು, ಇನ್ನೊಂದು ಸಮಾಧಿ ಸ್ಥಳ. ಮಾಡು ಸೋರುತ್ತಿತ್ತು, ಸಮಾಧಿ ಸ್ಥಳ ತುಂಬಿತ್ತು. ನಾನು ಆಗಷ್ಟೇ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದೆ. ಅಕ್ಷರ ದುಂಡಗಿದೆ ಎಂಬ ಒಂದೇ ಯೋಗ್ಯತೆಯ ಮೇಲೆ ನಡಾವಳಿ ಬರೆಯುವ ಕೆಲಸ ನನ್ನ ಕುತ್ತಿಗೆಗೆ ಬಿದ್ದಿತ್ತು. ಹಾಗಾಗಿ ಅಂದಿನ ಮಾತು ಯಾರದ್ದು, ಮರುಮಾತು ಯಾರದ್ದು ಎನ್ನುವುದು ಇವತ್ತಿಗೂ ನೆನಪಿದೆ. ಪುಸ್ತಕದಲ್ಲಿ ಬರೆದದ್ದು ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಂಗಳೂರು ಕಡೆಯ ನೆಲ ಬಲ್ಲವರಿಗೆ ಸಮಾಧಿ ಸ್ಥಳದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಒಂದು ಮೊಳ ಮಣ್ಣು, ಕೆಳಗೆ ಮುರಕಲ್ಲು. ಬೇಸಿಗೆಯಲ್ಲಿ ಪಿಕ್ಕಾಸು ಹಾಕಿದರೆ ಕೈ ಜುಮ್ಮೆನ್ನುತ್ತದೆ. ಮಳೆಗಾಲದಲ್ಲಿ ತೆಗೆದ ಹೊಂಡಕ್ಕೆ ನಾಲ್ಕು ಕಡೆಯಿಂದಲೂ ಒರತೆ ಇಳಿದು ಅದು ಬಾವಿಯೇ ಆಗುತ್ತದೆ. ನಮ್ಮ ಸಮಾಧಿ ಸ್ಥಳದಲ್ಲಿ ಮೂಡು ಮೂಲೆಯ ಒಂದು ತುಂಡು ಮಾತ್ರ ಎತ್ತರದಲ್ಲಿತ್ತು, ಅಲ್ಲಿ ಮಣ್ಣೂ ಮೆದು. ಆದರೆ ಹಿಂದಿನವರು ದಡ್ಡರಲ್ಲವಲ್ಲ, ಅವರೂ ಅಲ್ಲಿಂದಲೇ ಶುರು ಮಾಡಿದ್ದರು. ಆ ಗೋರಿಗಳಿಗೆ ಶಿಲುಬೆಯಿಲ್ಲ, ಕಲ್ಲಿಲ್ಲ, ಹೆಸರಿಲ್ಲ. ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಹಾವಸೆ ಹಿಡಿದ ಹಂಚು, ಅಷ್ಟೆ. ಆ ಭಾಗವನ್ನು ಎಲ್ಲರೂ ಕಾರ್ಖಾನೆ ಸಾಲು ಎನ್ನುತ್ತಿದ್ದರು.

ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಬಂದಿಳಿದದ್ದು 1834ರಲ್ಲಿ. ಕ್ರೈಸ್ತರಾದವರನ್ನು ಮನೆಯವರೂ ಜಾತಿಯವರೂ ಹೊರಗಿಟ್ಟಾಗ ಅವರ ಹೊಟ್ಟೆಪಾಡಿನ ಪ್ರಶ್ನೆ ಮಿಶನ್ನಿನ ಹೆಗಲಿಗೇ ಬಂತು. ಹೀಗೆ ನೇಯ್ಗೆ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನಮ್ಮ ಸಭೆಯ ಅರ್ಧಕ್ಕರ್ಧ ಕುಟುಂಬಗಳ ಬುಡ ಇರುವುದು ಆ ಜೇಡಿಮಣ್ಣಿನಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಮಿಶನ್ನಿನ ಉದ್ಯಮಗಳನ್ನು ಕಿತ್ತುಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು. ಬೋರ್ಡು ಬದಲಾಯಿತು, ಕೆಲಸದವರು ಅವರೇ. ಓದಿದ ಮಕ್ಕಳಿದ್ದವರು ಕ್ರಮೇಣ ಶಾಲೆ, ಬ್ಯಾಂಕು, ಬೊಂಬಾಯಿ ಎಂದು ಹೊರಟರು. ಅವರ ಹೆತ್ತವರ ಗೋರಿಗಳಿಗೆ ಕರಿಕಲ್ಲಿನ ಶಿಲುಬೆ ಬಂತು. ಕಾರ್ಖಾನೆಯಲ್ಲೇ ಉಳಿದವರಿಗೆ ಹಂಚು. ಇದನ್ನು ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಮದುವೆಯ ಊಟದಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆಂದು ನೋಡಿದರೆ ಸಾಕು, ತಿಳಿಯುತ್ತದೆ.

ಪ್ರಸ್ತಾಪ ತಂದವರು ನಮ್ಮ ಖಜಾಂಚಿಯವರು. ನಿವೃತ್ತ ಬ್ಯಾಂಕ್ ಮ್ಯಾನೇಜರ್. ಲೆಕ್ಕದಲ್ಲಿ ಚೊಕ್ಕ, ಮಾತಿನಲ್ಲಿ ಒರಟು. ಗ್ರಾಫ್ ಕಾಗದದ ಮೇಲೆ ಸಮಾಧಿ ಸ್ಥಳದ ನಕ್ಷೆಯನ್ನೇ ಬರೆದು ತಂದಿದ್ದರು: ಎಷ್ಟು ಗೋರಿ, ಎಷ್ಟು ಅಡಿ, ವರ್ಷಕ್ಕೆ ಎಷ್ಟು ಸಾವು. ಕಾರ್ಖಾನೆ ಸಾಲಿಗೆ ವಾರಸುದಾರರಿಲ್ಲ, ಜೆಸಿಬಿ ತರಿಸಿ ಮಟ್ಟ ಮಾಡಿದರೆ ಮುಂದಿನ ಪೀಳಿಗೆಯವರೆಗೂ ಚಿಂತೆಯಿಲ್ಲ ಎಂಬುದು ಅವರ ವಾದ. ತಪ್ಪು ಹುಡುಕಲು ಆಗದಂಥ ಲೆಕ್ಕ.

ಆರಾಧನೆ ಮುಗಿದ ಮೇಲೆ ಸಭೆ ಕೂತಿತ್ತು. ಮಾಡಿನ ವಿಷಯವೇ ಒಂದು ತಾಸು ತಿಂದಿತು. ಹಂಚೇ ಹೊದಿಸಬೇಕೆಂದು ಒಂದು ಪಂಗಡ, ಶೀಟು ಹಾಕಿ ಕೈತೊಳೆದುಕೊಳ್ಳೋಣವೆಂದು ಇನ್ನೊಂದು. ಅದನ್ನು ಮುಂದಕ್ಕೆ ಹಾಕಿ ಸಮಾಧಿ ಸ್ಥಳಕ್ಕೆ ಬರುವ ಹೊತ್ತಿಗೆ ಹೊಟ್ಟೆ ಹಸಿದಿತ್ತು, ಮಕ್ಕಳು ಅಳುತ್ತಿದ್ದವು. ಖಜಾಂಚಿಯವರು ನಕ್ಷೆ ಬಿಡಿಸಿ ಹೇಳಿದರು. ಎಲ್ಲರೂ ಕೈಯೆತ್ತಲು ತಯಾರು.

ಆಗ ಹೆಂಗಸರ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಭಾನುವಾರ ತಪ್ಪದೆ ಬರುವವರು, ಆದರೆ ಸಭೆಯಲ್ಲಿ ಅವರ ಸ್ವರ ಯಾರೂ ಕೇಳಿದ್ದಿಲ್ಲ. ತುಳುವಿನಲ್ಲೇ ಹೇಳಿದರು, "ಆ ಹಂಚು ಮಾತ್ರ ಮುಟ್ಟಬೇಡಿ."

ಜನ ನಕ್ಕರು. "ಅಜ್ಜೀ, ಮಾಡಿನ ವಿಷಯ ಆಗಲೇ ಮುಗಿದಿದೆ, ಕೂತುಕೊಳ್ಳಿ" ಎಂದು ಯಾರೋ ಕೂಗಿದರು. ಪಕ್ಕದಲ್ಲಿದ್ದ ಸೊಸೆ ಸೆರಗು ಹಿಡಿದು ಎಳೆದಳು. ಅಜ್ಜಿ ಕೂರಲಿಲ್ಲ, ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಖಜಾಂಚಿಯವರ ಕಿವಿ ಕೆಂಪಾಯಿತು. "ಪಾಸ್ಟ್ರೇ, ಮತಕ್ಕೆ ಹಾಕಿ."

ಪಾಸ್ಟರ್ ಬಂದು ಕೆಲವೇ ತಿಂಗಳಾಗಿತ್ತು. ಸಣಕಲು ಮನುಷ್ಯ, ಸ್ವರವೂ ಸಣ್ಣದು. ಪ್ರಸಂಗ ಎಷ್ಟು ಸಪ್ಪೆಯೆಂದರೆ ಕೊನೆಯ ಬೆಂಚಿನವರು ಆ ಹೊತ್ತಿನಲ್ಲಿ ಹೊರಗೆ ಹೋಗಿ ಬೀಡಿ ಸೇದಿ ಬರುತ್ತಿದ್ದರು. ಇಂಥವರನ್ನು ನಮಗೆ ಯಾಕೆ ಕಳಿಸಿದರು ಎಂಬ ಗೊಣಗಾಟ ಡಯೋಸಿಸ್ ಆಫೀಸಿನವರೆಗೂ ಹೋಗಿತ್ತು. ಅವರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

"ಯಾವ ಹಂಚು, ಅಜ್ಜಿ?"

ಮಕ್ಕಳನ್ನೂ ಮುದುಕರನ್ನೂ ಸಮಾಧಾನ ಮಾಡುವಾಗ ನಾವು ಒಂದು ರಾಗ ತೆಗೆಯುತ್ತೇವಲ್ಲ, ಅದು ಅದರಲ್ಲಿರಲಿಲ್ಲ. ಅವರಿಗೆ ನಿಜವಾಗಿಯೂ ಯಾವ ಹಂಚೆಂದು ಗೊತ್ತಿರಲಿಲ್ಲ, ಗೊತ್ತಾಗಬೇಕಿತ್ತು. ಕೇಳಿ ಸುಮ್ಮನಾದರು. ಅಜ್ಜಿ ಬಾಯಿ ತೆರೆಯಲು ಹೊತ್ತು ತೆಗೆದುಕೊಂಡರು. ಆ ಹೊತ್ತಿನಲ್ಲಿ ಪಾಸ್ಟರ್ ಗಡಿಯಾರ ನೋಡಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ, ಅಜ್ಜಿಯ ಪರವಾಗಿ ತಾವೇ ಒಂದು ವಾಕ್ಯ ಕಟ್ಟಿಕೊಡಲಿಲ್ಲ. ಇದು ಎಷ್ಟು ಕಷ್ಟವೆಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತವರಿಗೇ ಗೊತ್ತು.

"ನನ್ನ ಹುಡುಗಿಯ ತಲೆ ಹತ್ತಿರ ಇಟ್ಟದ್ದು."

ದೇವಾಲಯ ತಣ್ಣಗಾಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೊಂದು ವಚನ ಹೇಳುತ್ತಿದ್ದರು, ಕರ್ತನ ಚಿತ್ತ ಎನ್ನುತ್ತಿದ್ದರು, ಇಲ್ಲವೇ ಅಜ್ಜಿಯ ಭಾವನೆಗಳನ್ನು ನಾವು ಗೌರವಿಸುತ್ತೇವೆ ಎಂದು ಹೇಳಿ ಮತಕ್ಕೆ ಹಾಕುತ್ತಿದ್ದರು. ಪಾಸ್ಟರ್ ಕೇಳಿದ್ದು, "ಅದು ಎಲ್ಲಿದೆ? ನನಗೆ ತೋರಿಸುತ್ತೀರಾ?" ಅಜ್ಜಿ ತಲೆಯಾಡಿಸಿದರು. "ಇದು ಇವತ್ತು ಮತಕ್ಕೆ ಹೋಗುವುದಿಲ್ಲ. ನಾಳೆ ಬೆಳಿಗ್ಗೆ ಆರೂವರೆಗೆ, ಕೆಲಸಕ್ಕೆ ಹೋಗುವ ಮೊದಲು, ಆಗುವವರು ಸಮಾಧಿ ಸ್ಥಳಕ್ಕೆ ಬನ್ನಿ. ಖಜಾಂಚಿಯವರೇ, ನೀವು ಬರಲೇಬೇಕು. ನಕ್ಷೆ ತನ್ನಿ."

ಖಜಾಂಚಿಯವರು ಸಿಡಿದರು. "ಒಬ್ಬೊಬ್ಬರ ಭಾವನೆ ಕೇಳುತ್ತಾ ಕೂತರೆ ಸತ್ತವರನ್ನು ಎಲ್ಲಿಡುವುದು ಪಾಸ್ಟ್ರೇ? ನಿಮ್ಮ ಬಂಗ್ಲೆಯ ಅಂಗಳದಲ್ಲಾ?"

ಮತ್ತೆ ನಗು. ನಾನು ಪಾಸ್ಟರರ ಮುಖ ನೋಡಿದೆ, ಅವಮಾನವಾಯಿತೇ ಎಂದು. "ಎಲ್ಲಿಡುವುದು ಎನ್ನುವುದು ಸರಿಯಾದ ಪ್ರಶ್ನೆ" ಎಂದರು. "ನಾಳೆ ಅದನ್ನೂ ನೋಡೋಣ."

ನಡಾವಳಿ ಪುಸ್ತಕದಲ್ಲಿ ಇಷ್ಟಿದೆ: ಸಮಾಧಿ ಸ್ಥಳದ ವಿಷಯ ಚರ್ಚಿಸಲಾಗಿ, ಸ್ಥಳ ಪರಿಶೀಲನೆಯ ನಂತರ ತೀರ್ಮಾನಿಸುವುದೆಂದು ಠರಾಯಿಸಲಾಯಿತು. ನನ್ನದೇ ದುಂಡು ಅಕ್ಷರ.

ಮರುದಿನ ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾಗಿತ್ತು. ಬಂದವರು ಹೆಚ್ಚಿಲ್ಲ. ಕಮಿಟಿಯವರು, ಯುವಜನ ಸಂಘದ ಕೆಲವರು, ಹೊಂಡ ತೆಗೆಯುವವ. ಅಜ್ಜಿ ಬರಿಗಾಲಲ್ಲಿ, ಕೊಡೆಯನ್ನು ಊರುಗೋಲು ಮಾಡಿಕೊಂಡು ಬಂದರು. ಯಾರನ್ನೂ ಕೇಳದೆ ನೇರ ಮೇಲೆ ಹತ್ತಿ, ಗೇರು ಮರದ ಬುಡಕ್ಕೆ ಬೆನ್ನು ಕೊಟ್ಟು ನಿಂತು, ಹೆಜ್ಜೆ ಎಣಿಸುತ್ತಾ ನಡೆದರು. ಒಂದು ಕಡೆ ನಿಂತು ಕೊಡೆಯ ತುದಿಯಿಂದ ಹುಲ್ಲು ಸರಿಸಿದರು. ಹಂಚು. ಮೇಲ್ಮೈಯೆಲ್ಲ ಕಪ್ಪು ಹಾವಸೆ.

"ಇದರಲ್ಲಿ ಏನೂ ಇಲ್ಲವಲ್ಲ ಅಜ್ಜಿ" ಎಂದ ಯುವಜನ ಸಂಘದವನೊಬ್ಬ.

"ಮಗುಚು."

ಹೊಂಡ ತೆಗೆಯುವವ ಬೆರಳು ಹಾಕಿ ಹಂಚನ್ನು ಮಣ್ಣಿನಿಂದ ಬಿಡಿಸಿ ಮಗುಚಿದ. ಎರೆಹುಳುವೊಂದು ನುಸುಳಿ ಹೋಯಿತು. ಅಜ್ಜಿ ಸೆರಗಿನಿಂದ ಒರೆಸಿದರು. ಒಳಮೈಯಲ್ಲಿ, ಕಾರ್ಖಾನೆಯ ಮುದ್ರೆಯ ಕೆಳಗೆ, ಮೊಳೆಯಿಂದ ಗೀರಿದ ಕನ್ನಡ ಅಕ್ಷರ. ಒಂದು ಹೆಸರು, ಒಂದು ತಾರೀಕು, 1956. ಅಕ್ಷರದ ಅಂಚಿನಲ್ಲಿ ಮಣ್ಣು ಉಬ್ಬಿ ನಿಂತು ಹಾಗೆಯೇ ಸುಟ್ಟಿತ್ತು, ಬೆರಳಿಗೆ ಸಿಗುತ್ತಿತ್ತು. ಹಸಿ ಹಂಚಿನ ಮೇಲೆ ಬರೆದು ಆಮೇಲೆ ಭಟ್ಟಿಗೆ ಹಾಕಿದರೆ ಮಾತ್ರ ಹಾಗಾಗುವುದು.

ಗಂಡ ಅಚ್ಚು ಒತ್ತುವಲ್ಲಿ ಕೆಲಸಕ್ಕಿದ್ದನಂತೆ. ಮಗಳು ಜ್ವರದಲ್ಲಿ ಹೋದಳು. ಕಲ್ಲು ನಿಲ್ಲಿಸಲು ದುಡ್ಡಿಲ್ಲ. ಅಚ್ಚಿನಿಂದ ತೆಗೆದ ಹಂಚೊಂದರ ಮೇಲೆ ಮೇಸ್ತ್ರಿಯ ಕಣ್ಣು ತಪ್ಪಿಸಿ ಬರೆದು, ಒಣಗಲು ಇಟ್ಟ ಅಟ್ಟಳಿಗೆಯಲ್ಲಿ ಗುರುತು ಮಾಡಿ, ಭಟ್ಟಿಗೆ ಹೋಗಿ ಹೊರಬರುವವರೆಗೂ ಕಾದು, ಒಡಕಿನ ರಾಶಿಗೆ ಸೇರಿಸಿ ಮನೆಗೆ ತಂದ. ಮಳೆಗೆ ಅಕ್ಷರ ಹೋಗಬಾರದು ಎಂದು ಮಗುಚಿ ಇಟ್ಟ. ಸುಟ್ಟ ಮಣ್ಣಿನ ಅಕ್ಷರ ಮಳೆಗೆ ಹೋಗುವುದಿಲ್ಲ ಎಂದು ಹಂಚಿನ ಕೆಲಸದವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ, ಅಷ್ಟೆ.

ಆಮೇಲೆ ಹುಡುಗರೆಲ್ಲ ಉಳಿದ ಹಂಚುಗಳನ್ನೂ ಮಗುಚತೊಡಗಿದರು. ಹೆಚ್ಚಿನವುಗಳಲ್ಲಿ ಮುದ್ರೆ ಬಿಟ್ಟರೆ ಏನೂ ಇರಲಿಲ್ಲ. ಒಬ್ಬ "1865ರ ಗೋರಿ ಸಿಕ್ಕಿತು!" ಎಂದು ಬೊಬ್ಬೆ ಹಾಕಿದ. ಬಾಸೆಲ್ ಮಿಶನ್ನಿನ ಎಷ್ಟೋ ಹಂಚುಗಳ ಮೇಲೆ ಕಾರ್ಖಾನೆ ಶುರುವಾದ ಆ ವರ್ಷವೇ ಇರುತ್ತದೆ ಎಂದು ಯಾರೋ ಅವನಿಗೆ ತಿಳಿಸಿ ಹೇಳಿದರು. ಆದರೆ ಕೆಲವದರಲ್ಲಿ ಗೀರು ಇತ್ತು. ಒಂದರಲ್ಲಿ ಶಿಲುಬೆ, ಒಂದರಲ್ಲಿ ಬರಿ ಹೆಸರಿನ ಮೊದಲಕ್ಷರ. ಹಾಗಾದರೆ ಈ ಉಪಾಯ ಒಬ್ಬನದ್ದಲ್ಲ.

ಇಲ್ಲಿಗೇ ಈ ಕತೆ ಮುಗಿದಿದ್ದರೆ ಅದು ಅಜ್ಜಿಯ ಗೆಲುವು, ಖಜಾಂಚಿಯ ಸೋಲು ಎಂದಾಗುತ್ತಿತ್ತು. ಬಹಳ ಸಭೆಗಳಲ್ಲಿ ಹಾಗೆಯೇ ಮುಗಿಯುತ್ತದೆ. ಕಣ್ಣೀರು ಯಾರ ಕಡೆಗಿದೆಯೋ ಅವರ ಕಡೆಗೆ ತೀರ್ಪು, ಎದುರಿನವನು ಕಲ್ಲೆದೆಯವ. ಖಜಾಂಚಿಯವರು ನಕ್ಷೆಯನ್ನು ಸುರುಳಿ ಮಾಡಿ ಕಂಕುಳಲ್ಲಿಟ್ಟು ದೂರ ನಿಂತಿದ್ದರು. ಯಾರೂ ಅವರ ಮುಖ ನೋಡುತ್ತಿರಲಿಲ್ಲ. ಪಾಸ್ಟರ್ ಅಜ್ಜಿಯನ್ನು ಹೆಂಗಸರ ಜೊತೆ ಬಿಟ್ಟು ಅವರ ಹತ್ತಿರ ಹೋದರು. "ನಿಮ್ಮವರನ್ನು ಎಲ್ಲಿ ಇಟ್ಟದ್ದು?"

ಖಜಾಂಚಿಯವರು ಕೆಳಗೆ ಕೈ ತೋರಿಸಿದರು. ಪಡು ಮೂಲೆ. ಹೊಸ ಗ್ರಾನೈಟಿನ ಗೋರಿ, ಅದರ ಸುತ್ತ ಪಾದ ಮುಳುಗುವಷ್ಟು ನೀರು.

ಅವರ ಹೆಂಡತಿ ತೀರಿಕೊಂಡದ್ದು ಹಿಂದಿನ ವರ್ಷದ ಆಟಿಯಲ್ಲಿ. ಆ ಮಣ್ಣಿಗೆ ನಾವೆಲ್ಲ ಹೋಗಿದ್ದೆವು, ಕೊಡೆ ಹಿಡಿದು ಕೀರ್ತನೆ ಹಾಡಿದ್ದೆವು. ಹೊಂಡದಿಂದ ಬಕೆಟುಗಟ್ಟಲೆ ನೀರು ಎತ್ತಿ ಹಾಕಿದ್ದು ಎಲ್ಲರೂ ಕಂಡದ್ದೇ. ಆದರೆ ಹೊಂಡದ ಅಂಚಿಗೇ ನಿಂತವರಿಗೆ ಕಂಡದ್ದು ಬೇರೆ. "ಪೆಟ್ಟಿಗೆ ತೇಲಿತು ಪಾಸ್ಟ್ರೇ" ಎಂದರು. "ಹಗ್ಗ ಬಿಟ್ಟ ಮೇಲೂ ಕೆಳಗೆ ಕೂರಲಿಲ್ಲ. ಕೋಲು ಹಾಕಿ ಒತ್ತಿದರು. ಅವಳಿಗೆ ಚಳಿ ಅಂದರೆ ಆಗುತ್ತಿರಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಬ್ಬರಿಗೆ ಹಾಗಾಗಬಾರದು ಅಂತ ಇದನ್ನೆಲ್ಲ ಮಾಡಿದ್ದು" ಎಂದು ಕಂಕುಳಿನ ಸುರುಳಿ ಮುಟ್ಟಿಕೊಂಡರು.

ಅಡಿಗಳ ಲೆಕ್ಕದ ಆ ಗ್ರಾಫ್ ಕಾಗದದಲ್ಲಿ ಇದೆಲ್ಲ ಇತ್ತೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಸಿಟ್ಟಿನ ಮನುಷ್ಯ ಎಂದು ಹೆಸರಿಟ್ಟು ಬಿಟ್ಟುಬಿಟ್ಟಿದ್ದೆವು. ಪಾಸ್ಟರ್ ಆಗಲೂ ಏನೂ ಹೇಳಲಿಲ್ಲ. ಇಬ್ಬರೂ ಇಳಿದು ಆ ಗೋರಿಯ ಹತ್ತಿರ ಹೋಗಿ ನಿಂತರು. ನೀರಿನಲ್ಲೇ, ಪ್ಯಾಂಟು ಮಡಚದೆ. ನಾವು ಮೇಲೆ ಕಾದೆವು. ನನಗೆ ಆಗ ಅನ್ನಿಸಿದ್ದು, ಇಷ್ಟು ಹೊತ್ತು ಮಾತಾಡದೆ ನಿಂತಿರುವುದಕ್ಕೆ ಇವರಿಗೆ ಎಲ್ಲಿ ತರಬೇತಿ ಕೊಟ್ಟರು?

ಈ ಪ್ರಶ್ನೆಯನ್ನು ಮುಂದೊಂದು ಸಂಜೆ ಬಂಗ್ಲೆಯ ಜಗಲಿಯಲ್ಲಿ ಕೂತು ಅವರನ್ನೇ ಕೇಳಿದೆ. ನಕ್ಕು, ಹಾಗೊಂದು ತರಬೇತಿ ಇದೆ ಎಂದರು. ಸೆಮಿನರಿ ಮುಗಿಸಿದ ಮೇಲೆ ಅವರು ವೆಲ್ಲೂರಿನಲ್ಲಿ ಆಸ್ಪತ್ರೆಯ ರೋಗಿಗಳ ನಡುವೆ ಕೆಲವು ಕಾಲ ಕಲಿತಿದ್ದರು. ದಿನವೂ ಒಬ್ಬ ರೋಗಿಯ ಜೊತೆ ಆಡಿದ ಮಾತನ್ನು ರಾತ್ರಿ ನೆನಪಿನಿಂದ ಬರೆಯಬೇಕು. ಅವನು ಹೇಳಿದ್ದು, ನಾನು ಹೇಳಿದ್ದು, ಅವನು ಸುಮ್ಮನಾದದ್ದು, ಒಂದೂ ಬಿಡುವಂತಿಲ್ಲ. ಬೆಳಿಗ್ಗೆ ಗುರುಗಳು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾರೆ. ಆಪರೇಷನ್ನಿನ ಹಿಂದಿನ ದಿನ ಒಬ್ಬ "ನಿದ್ದೆ ಬರುವುದಿಲ್ಲ ಪಾಸ್ಟರ್" ಎಂದನಂತೆ. ಇವರು ತಕ್ಷಣ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಗುರುಗಳು ಅಲ್ಲಿ ಗೆರೆ ಎಳೆದು ಕೇಳಿದರಂತೆ: ಯಾಕೆ ನಿದ್ದೆ ಬರುವುದಿಲ್ಲ ಎಂದು ಅವನು ಹೇಳುವುದರಲ್ಲಿದ್ದ, ನೀನು ಪ್ರಾರ್ಥನೆ ಮಾಡಿ ಅವನ ಬಾಯಿ ಮುಚ್ಚಿಸಿದಿ, ಯಾರಿಗೆ ಭಯವಾದದ್ದು, ಅವನಿಗೋ ನಿನಗೋ?

ಈ ಪದ್ಧತಿಯ ಬೇರು ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿದೆ. ಆಂಟನ್ ಬಾಯ್ಸನ್ ಎಂಬ ಸಭಾಪಾಲಕ 1920ರಲ್ಲಿ ತಾನೇ ಮಾನಸಿಕ ಆಸ್ಪತ್ರೆಗೆ ಸೇರಬೇಕಾಗಿ ಬಂತು. ಗುಣವಾಗಿ ಹೊರಬಂದ ಮೇಲೆ 1925ರಲ್ಲಿ ವೂಸ್ಟರಿನ ಸರಕಾರಿ ಮಾನಸಿಕ ಆಸ್ಪತ್ರೆಗೆ ದೇವಶಾಸ್ತ್ರದ ಕೆಲವು ವಿದ್ಯಾರ್ಥಿಗಳನ್ನು ಕರೆತಂದು, ಗ್ರಂಥಗಳನ್ನು ಓದಿದಷ್ಟೇ ಶ್ರದ್ಧೆಯಿಂದ ಈ ಮನುಷ್ಯರನ್ನು ಓದಿ ಎಂದ. ಮಂಚದಲ್ಲಿ ಮಲಗಿ, ತನ್ನ ಮಾತು ಯಾರೂ ಕೇಳುತ್ತಿಲ್ಲ ಎಂಬುದನ್ನು ಉಂಡವನಿಗೇ ಈ ಉಪಾಯ ಹೊಳೆದದ್ದು ಆಶ್ಚರ್ಯವಲ್ಲ. 1995ರಲ್ಲಿ ಡ್ಯಾನಿಯಲ್ ಗೋಲ್ಮನ್ ಅವರ ಪುಸ್ತಕ ಬಂದು ಭಾವನಾತ್ಮಕ ಬುದ್ಧಿವಂತಿಕೆ ಎಲ್ಲರ ಬಾಯಲ್ಲೂ ಆಡತೊಡಗಿದ ಮೇಲೆ ಪಾಸ್ಟರುಗಳಿಗೂ ಪರದೆ ಹಾಕಿ ಅದರ ಕಮ್ಮಟ ಮಾಡುತ್ತಾರೆ. ಅಂಥ ಒಂದಕ್ಕೆ ನಾನೂ ಹೋಗಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬರೇ ಮಾತಾಡಿದರು.

ತೀರ್ಮಾನಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಆ ನಡುವೆ ಒಂದು ಭಾನುವಾರ ಪಾಸ್ಟರ್ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದ ಮೇಲೆ ಪ್ರಸಂಗ ಮಾಡಿದರು. ಯೆರೂಸಲೇಮಿನ ಮೊದಲ ಸಭೆಯಲ್ಲಿ, ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಾರೆಂದು ಗ್ರೀಕ್ ಮಾತಾಡುವವರು ಗೊಣಗಿದ ಪ್ರಸ್ತಾಪ ಅಲ್ಲಿದೆ. ಪ್ರಸಂಗ ಎಂದಿನಂತೆ ಸಪ್ಪೆಯೇ. ಆದರೆ ನಡುವೆ ಒಂದು ವಿಷಯ ಹೇಳಿದರು: ಅಪೊಸ್ತಲರು ಗೊಣಗಿದವರನ್ನು ಗದರಿಸಲಿಲ್ಲ, ಸಭೆ ಕರೆದರು, ಸಭೆ ಏಳು ಜನರನ್ನು ಆರಿಸಿತು. ಸ್ತೆಫನ, ಫಿಲಿಪ್ಪ ಎಂದು ಮುಂದೆ ಓದಿ, ಏಳೂ ಗ್ರೀಕ್ ಹೆಸರು. ದೂರು ಕೊಟ್ಟವರ ಕೈಗೇ ಸೌಟು ಹೋಯಿತು.

ಮುಂದಿನ ವಾರ ಸಮಾಧಿ ಸ್ಥಳದ ಉಪಸಮಿತಿಯ ಹೆಸರು ಓದಿದಾಗ ಅದರಲ್ಲಿ ಅಜ್ಜಿ ಇದ್ದರು, ಖಜಾಂಚಿಯವರೂ ಇದ್ದರು. ಒಬ್ಬರಿಗೆ ಓದು ಬರದು, ಇನ್ನೊಬ್ಬರಿಗೆ ತಾಳ್ಮೆ ಬರದು. ನಾನು ಮರಣದ ರಿಜಿಸ್ಟರ್ ಹಿಡಿದು ಹಿಂದೆ ಹೋಗಬೇಕು. ಯಾವ ಗೇರು ಮರದಿಂದ ಎಷ್ಟು ಹೆಜ್ಜೆಗೆ ಯಾರಿದ್ದಾರೆ ಎಂದು ಅಜ್ಜಿ ಹೇಳುವುದು, ಖಜಾಂಚಿಯವರು ಗ್ರಾಫಿನಲ್ಲಿ ಗುರುತು ಹಾಕುವುದು. ಹೊಂದದಿದ್ದಲ್ಲಿ ಇಬ್ಬರೂ ಜಗಳ. "ಬಾಯಿಯಲ್ಲಿ ಹೇಳಿದ್ದು ನಕ್ಷೆಗೆ ಕೂರುವುದಿಲ್ಲ ಅಜ್ಜಿ" ಎಂದು ಇವರು, "ನಿಮ್ಮ ನಕ್ಷೆ ಹುಟ್ಟುವ ಮೊದಲೇ ನಾನು ಅಳೆದಿದ್ದೇನೆ ಮಗಾ" ಎಂದು ಅವರು. ಕೊನೆಗೆ ಕಾರ್ಖಾನೆ ಸಾಲಿಗೆ ಜೆಸಿಬಿ ಹೋಗಲಿಲ್ಲ. ಅದೇ ಕುಟುಂಬದವರು ಒಪ್ಪಿದರೆ ಹಳೆಯ ಗೋರಿಯಲ್ಲೇ ಮತ್ತೆ ಹೂಳಬಹುದು ಎಂದಾಯಿತು. ಪಡು ಮೂಲೆಗೆ ಲಾರಿಯಲ್ಲಿ ಮಣ್ಣು ತಂದು ಏರಿಸಿದರು, ಮೇಲಿನಿಂದ ಬರುವ ನೀರಿಗೆ ಆಳವಾದ ಕಣಿ ತೆಗೆಸಿದರು. ಕಣಿಯ ಕಂಟ್ರಾಕ್ಟರನನ್ನು ಖಜಾಂಚಿಯವರು ಎಷ್ಟು ಗೋಳು ಹೊಯ್ದುಕೊಂಡರೆಂದರೆ ಅವನು ಕೊನೆಯ ಬಿಲ್ಲು ಕೇಳಲು ತಮ್ಮನನ್ನು ಕಳಿಸಿದ.

ಎಲ್ಲರೂ ಖುಷಿಯಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಣ್ಣು ಹೊಡೆಸಿದ ಖರ್ಚಿಗೆ ವಂತಿಗೆ ಎತ್ತಿದ್ದು ಹಲವರಿಗೆ ಕಹಿಯಾಯಿತು. ಒಂದು ಮನೆಯವರು ಸಿಟ್ಟಾಗಿ ಬೇರೆ ಸಭೆಗೆ ಹೋದವರು ಹಿಂದೆ ಬರಲೇ ಇಲ್ಲ. ನಿರ್ಧಾರ ತೆಗೆದುಕೊಳ್ಳಲು ಬಾರದ ಪಾಸ್ಟರ್ ಎಂಬ ಹೆಸರು ಅವರಿಗೆ ಅಂಟಿತು, ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಹಂಚಿನವರನ್ನೂ ಕೇಳಿದರು, ಶೀಟಿನವರನ್ನೂ ಕೇಳಿದರು. ಕೇಳುತ್ತಾ ಇದ್ದಂತೆ ಮಾಡು ಇನ್ನೆರಡು ಮಳೆಗಾಲ ಸೋರಿತು. ಗಾಯಕರ ಬೆಂಚಿನ ಮೇಲೆ ಅಲ್ಯೂಮಿನಿಯಂ ಪಾತ್ರೆ ಇಟ್ಟು ಹಾಡುತ್ತಿದ್ದೆವು. ಕೆಲವು ವಿಷಯಗಳಲ್ಲಿ ಕಿವಿ ಮುಚ್ಚಿ ಏಣಿ ಹತ್ತಬೇಕಾಗುತ್ತದೆ, ಅದು ಅವರ ಕೈಯಲ್ಲಿ ಆಗಲಿಲ್ಲ. ವರ್ಗವಾಗಿ ಹೊರಟ ದಿನ ಬೀಳ್ಕೊಡುಗೆಯ ಭಾಷಣ ಮಾಡಬೇಕಿದ್ದ ಖಜಾಂಚಿಯವರು ಎದ್ದು, ನಾಲ್ಕು ಮಾತು ಲೆಕ್ಕಪತ್ರದ ಬಗ್ಗೆ ಹೇಳಿ ಕೂತುಬಿಟ್ಟರು.

ಮುಂದೆ ಬಂದವರು ಒಳ್ಳೆಯ ಮಾತುಗಾರರು, ಕೆಲಸದಲ್ಲೂ ಚುರುಕು. ಬಂದ ಬೇಸಿಗೆಯಲ್ಲೇ ಯಾರನ್ನೂ ಕೇಳದೆ ಹಂಚು ಇಳಿಸಿ ಶೀಟು ಹಾಕಿಸಿದರು. ಸೋರುವುದು ನಿಂತಿತು, ಎಲ್ಲರೂ ಹೊಗಳಿದರು. ಜೂನ್ ಮೊದಲ ಭಾನುವಾರ ಪ್ರಸಂಗಕ್ಕೆ ನಿಂತರು, ಮಳೆ ಹೊಡೆಯಿತು, ಶೀಟಿನ ಸದ್ದಿಗೆ ಅವರ ಒಂದು ಮಾತೂ ಕೇಳಿಸಲಿಲ್ಲ. ಕೊನೆಯ ಬೆಂಚಿನವರು ಈ ಸಲ ಹೊರಗೆ ಹೋಗಲೇ ಇಲ್ಲ, ಹೋಗುವ ಅಗತ್ಯವಿರಲಿಲ್ಲ.